ಡಾಟ್ ಬಾಲ್ ಇಲ್ಲದ ಆಟದಲ್ಲಿ ಅತ್ಯುತ್ತಮ ಡಿಫೆಂಡರ್ ಯಾರು?

2025ರಲ್ಲಿ ಫುಟ್‌ಬಾಲ್‌ನ ಇಬ್ಬರು ಡಿಫೆಂಡರ್‌ಗಳು 'ವರ್ಷದ ಆಟಗಾರ' ಗೌರವಕ್ಕೆ ಪಾತ್ರರಾದರು. ಭಾರತದಲ್ಲಿ ಮೋಹನ್ ಬಾಗನ್ ನಾಯಕ ಸುಭಾಶಿಷ್ ಬೋಸ್ ಅವರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಪ್ರಶಸ್ತಿ ಬಂತು. ನವೆಂಬರ್‌ನಲ್ಲಿ ಮೊರಾಕ್ಕೊದ ಅಶ್ರಫ್ ಹಕೀಮಿ ಆಫ್ರಿಕಾದ ವರ್ಷದ ಆಟಗಾರರಾದರು. ಆಫ್ರಿಕಾದಲ್ಲಿ ಡಿಫೆಂಡರ್ ಒಬ್ಬರಿಗೆ ಈ ಗೌರವ ಸಿಕ್ಕಿದ್ದು 1973ರ ನಂತರ ಇದೇ ಮೊದಲು.

ಹಿಂದಿನ ಸಾಲಿನ ಆಟಗಾರರಿಗೆ ಕೊನೆಗೂ ಬೆಲೆ ಬಂತು ಎಂದು ಹಲವರು ಖುಷಿಪಟ್ಟರು. ಆದರೆ ಇಬ್ಬರ ಬಗೆಗೂ ಹೆಚ್ಚಾಗಿ ಮಾತಿಗೆ ಬಂದದ್ದು ಅವರ ಗೋಲುಗಳು. ಬೋಸ್ ಆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತುವಿನಲ್ಲಿ ಆರು ಗೋಲು ಹೊಡೆದಿದ್ದರು. ಹಕೀಮಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 12ನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದಿದ್ದರು. ಹಾಗಾದರೆ ಪ್ರಶಸ್ತಿ ಬಂದದ್ದು ತಡೆದದ್ದಕ್ಕೋ, ಹೊಡೆದದ್ದಕ್ಕೋ? ಗೋಲು ಹೊಡೆಯದೆ ಬರೀ ತಡೆಯುತ್ತಲೇ ಇರುವವರನ್ನು ಗುರುತಿಸುವ ಬಗೆ ಯಾವುದು?

ಈ ಗೊಂದಲ ದೂರದ ದೇಶಗಳದ್ದು ಮಾತ್ರವಲ್ಲ. ದಾವಣಗೆರೆಯ ಹೈಸ್ಕೂಲ್ ಮೈದಾನವಾಗಲಿ, ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣವಾಗಲಿ, ಟೂರ್ನಿಯ ಕೊನೆಯಲ್ಲಿ 'ಬೆಸ್ಟ್ ಡಿಫೆಂಡರ್' ಕಪ್‌ಗೆ ಹೆಸರು ಬರೆಯಬೇಕಾದವರು ಎದುರಿಸುವುದೂ ಇದೇ ಪ್ರಶ್ನೆಯನ್ನು. ಟಾಪ್ ಸ್ಕೋರರ್ ಕಪ್ ಯಾರಿಗೆಂದು ಕೇಳಿದರೆ ಗೋಲು ಎಣಿಸಿ ಹೇಳಬಹುದು. ಡಿಫೆಂಡರ್ ವಿಷಯದಲ್ಲಿ ಎಣಿಸಬೇಕಾದದ್ದೇನು ಎಂಬುದೇ ತೀರ್ಮಾನವಾಗಿಲ್ಲ.

ಚುಕ್ಕೆ ಇಲ್ಲದ ಸ್ಕೋರ್‌ಬುಕ್

ಕ್ರಿಕೆಟ್‌ನ ಸ್ಕೋರ್‌ಬುಕ್ ನೋಡಿ. ರನ್ ಬಾರದ, ವಿಕೆಟ್ ಬೀಳದ ಎಸೆತಕ್ಕೂ ಅಲ್ಲೊಂದು ಚುಕ್ಕೆ ಬೀಳುತ್ತದೆ. 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ವಿಕೆಟ್ ಪಡೆಯದ ಸ್ಪೆಲ್‌ನಲ್ಲೂ ಎಷ್ಟು ಬಿಗಿಯಾಗಿ ಎಸೆದರು ಎಂಬುದು ಆ ಚುಕ್ಕೆಗಳಿಂದ ತಿಳಿಯುತ್ತದೆ. ಕಬಡ್ಡಿಯಲ್ಲೂ ಲೆಕ್ಕ ಸ್ಪಷ್ಟ. ಒಂದು ರೈಡ್‌ಗೆ 30 ಸೆಕೆಂಡು. ಪಾಯಿಂಟ್ ಇಲ್ಲದೆ ವಾಪಸಾದರೆ ಅದು ಖಾಲಿ ರೈಡ್ ಎಂದೇ ದಾಖಲಾಗುತ್ತದೆ. ಕಾರ್ನರ್‌ನಲ್ಲಿ ನಿಂತವರು ಎಷ್ಟು ಸಲ ಹಿಡಿಯಲು ಹೋದರು, ಎಷ್ಟು ಸಲ ಹಿಡಿದರು ಎಂಬ ಎರಡೂ ಸಂಖ್ಯೆಗಳು ಸಿಗುತ್ತವೆ.

ಫುಟ್‌ಬಾಲ್‌ನಲ್ಲಿ ಆ ಚುಕ್ಕೆ ಇಲ್ಲ. ಆಟ ಹರಿಯುತ್ತಲೇ ಇರುತ್ತದೆ. ಒಂದು ದಾಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯುವುದೇ ಕಷ್ಟ. ಗೋಲು, ಪಾಸ್, ಟ್ಯಾಕಲ್, ಹೆಡರ್ ಹೀಗೆ ಚೆಂಡಿಗೆ ಕಾಲೋ ತಲೆಯೋ ತಾಗಿದ್ದೆಲ್ಲ ದಾಖಲಾಗುತ್ತದೆ. ಆದರೆ ಡಿಫೆಂಡರ್‌ನ ಕೆಲಸದ ದೊಡ್ಡ ಪಾಲು ಚೆಂಡು ತಾಗದೆಯೇ ನಡೆಯುವಂಥದ್ದು. ಎರಡು ಹೆಜ್ಜೆ ಒಳಗೆ ಸರಿದು ನಿಂತದ್ದರಿಂದ ಎದುರಾಳಿ ಕೊಡಬೇಕೆಂದಿದ್ದ ಪಾಸನ್ನು ಕೊಡಲೇ ಇಲ್ಲ. ಆಗದೇ ಉಳಿದ ಆ ಪಾಸಿಗೆ ಲೆಕ್ಕದ ಹಾಳೆಯಲ್ಲಿ ಜಾಗವಿಲ್ಲ. ಗೊಂದಲದ ಮೂಲ ಇರುವುದು ಇಲ್ಲೇ.

ಇದರ ಪರಿಣಾಮ ಪ್ರಶಸ್ತಿ ಪಟ್ಟಿಗಳಲ್ಲಿ ಕಾಣುತ್ತದೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಶುರುವಾದದ್ದು 1956ರಲ್ಲಿ. ಅದನ್ನು ಗೆದ್ದ ಡಿಫೆಂಡರ್‌ಗಳು ಮೂವರೇ: ಬೆಕೆನ್‌ಬವರ್ (1972 ಮತ್ತು 1976), ಮಥಿಯಾಸ್ ಸಾಮರ್ (1996), ಫ್ಯಾಬಿಯೊ ಕನವಾರೊ (2006). ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ಗೋಲ್ಡನ್ ಬಾಲ್ ಇದೆ, ಹೆಚ್ಚು ಗೋಲು ಹೊಡೆದವರಿಗೆ ಗೋಲ್ಡನ್ ಬೂಟ್ ಇದೆ, ಗೋಲ್‌ಕೀಪರ್‌ಗೆ ಗೋಲ್ಡನ್ ಗ್ಲೌ ಇದೆ, ಯುವ ಆಟಗಾರನಿಗೂ ಒಂದು ಇದೆ. ಡಿಫೆಂಡರ್‌ಗೆಂದೇ ಮೀಸಲಾದದ್ದು ಇಲ್ಲ. 1982ರಿಂದ 2022ರವರೆಗೆ ಗೋಲ್ಡನ್ ಬಾಲ್ ಒಬ್ಬ ಡಿಫೆಂಡರ್‌ಗೂ ಸಿಕ್ಕಿಲ್ಲ.

ಯಾವ ಕಾಲಮ್ಮಿಗೂ ಸೇರದ ಒಂದು ರಕ್ಷಣೆ

2019ರ ಮಾರ್ಚ್ 31, ಇಂಗ್ಲೆಂಡ್‌ನ ಆ್ಯನ್‌ಫೀಲ್ಡ್ ಮೈದಾನ. ಲಿವರ್‌ಪೂಲ್–ಟಾಟನ್‌ಹ್ಯಾಮ್ ಪಂದ್ಯ 1–1ರಲ್ಲಿ ನಿಂತಿದೆ, ಕೊನೆಯ ಐದಾರು ನಿಮಿಷಗಳಷ್ಟೇ ಬಾಕಿ. ಟಾಟನ್‌ಹ್ಯಾಮ್‌ನ ಇಬ್ಬರು ಓಡಿ ಬರುತ್ತಿದ್ದಾರೆ: ಚೆಂಡು ಮೂಸಾ ಸಿಸೊಕೊ ಕಾಲಲ್ಲಿ, ಪಕ್ಕದಲ್ಲಿ ಸನ್ ಹ್ಯುಂಗ್ ಮಿನ್. ಎದುರಿಗೆ ಲಿವರ್‌ಪೂಲ್ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಒಬ್ಬರೇ. ಸಿಸೊಕೊ ಮೇಲೆ ಬಿದ್ದರೆ ಚೆಂಡು ಸನ್‌ಗೆ ಹೋಗುತ್ತದೆ. ಸನ್ ಎರಡೂ ಕಾಲಲ್ಲಿ ಗುರಿ ತಪ್ಪದ ಆಟಗಾರ. ವಾನ್ ಡೈಕ್ ಮೇಲೆ ಬೀಳಲಿಲ್ಲ. ಇಬ್ಬರ ನಡುವಿನ ದಾರಿಯಲ್ಲಿ ಹಿಂದಕ್ಕೆ ಸರಿಯುತ್ತ ಸನ್‌ಗೆ ಪಾಸ್ ಹೋಗದಂತೆ ತಡೆದರು. ಸಿಸೊಕೊ ಬಲಗಾಲಿನವರು. ಕೊನೆಗೆ ಅವರು ಎಡಗಾಲಲ್ಲೇ ಒದೆಯಬೇಕಾಯಿತು, ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು. ಕೆಲವೇ ನಿಮಿಷಗಳಲ್ಲಿ ಲಿವರ್‌ಪೂಲ್ 2–1ರಿಂದ ಗೆದ್ದಿತು.

ಅಂಕಿಅಂಶದಲ್ಲಿ ಇದು ಬರುವುದು ಹೇಗೆ? ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಇಲ್ಲ, ಇಂಟರ್‌ಸೆಪ್ಷನ್ (ಪಾಸನ್ನು ನಡುವೆ ಹಿಡಿಯುವುದು) ಇಲ್ಲ, ಬ್ಲಾಕ್ (ಹೊಡೆತಕ್ಕೆ ಅಡ್ಡ ಬರುವುದು) ಇಲ್ಲ. ಸಿಸೊಕೊ ಹೆಸರಿನಲ್ಲಿ 'ಗುರಿ ತಪ್ಪಿದ ಹೊಡೆತ ಒಂದು' ಎಂದಷ್ಟೇ ಬರುತ್ತದೆ. ಆ ಋತುವಿನ ಅತ್ಯಂತ ಬೆಲೆಬಾಳುವ ರಕ್ಷಣೆಗಳಲ್ಲಿ ಒಂದು ಎದುರಾಳಿಯ ತಪ್ಪಾಗಿ ದಾಖಲಾಯಿತು.

ದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿನ ಬಾಗಿಲುಗಳ ದಾರಿ ನೇರವಾಗಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ಎದುರಾಗುತ್ತದೆ, ತಿರುಗಬೇಕು, ಮತ್ತೆ ತಿರುಗಬೇಕು. ಓಡಿ ಬಂದು ಗುದ್ದುವ ವೇಗವನ್ನೇ ಆ ತಿರುವುಗಳು ಕಿತ್ತುಕೊಳ್ಳುತ್ತವೆ. ಓಬವ್ವ ಕಿಂಡಿಯ ಬಳಿ ಒನಕೆ ಹಿಡಿದು ನಿಂತದ್ದು ನಾಡಿಗೆಲ್ಲ ಗೊತ್ತು, ಅದು ಗೊತ್ತಿರಬೇಕಾದದ್ದೇ. ಫುಟ್‌ಬಾಲ್ ಭಾಷೆಯಲ್ಲಿ ಅದು ಕೊನೆ ಗಳಿಗೆಯ ಟ್ಯಾಕಲ್. ಉಳಿದ ದಿನಗಳಲ್ಲಿ ಶತ್ರುವನ್ನು ದೂರವಿಟ್ಟದ್ದು ಸುತ್ತು ಗೋಡೆ ಮತ್ತು ತಿರುವು ಬಾಗಿಲು. ಡಿಫೆಂಡರ್‌ನ ನಿಲುವು, ಅಂದರೆ ಎಲ್ಲಿ ಯಾವ ಕೋನದಲ್ಲಿ ನಿಲ್ಲುತ್ತಾರೆ ಎಂಬುದು, ಈ ತಿರುವು ಬಾಗಿಲಿನಂತೆ ಕೆಲಸ ಮಾಡುತ್ತದೆ.

ಹೆಚ್ಚು ಟ್ಯಾಕಲ್ ಮಾಡಿದವರೇ ಶ್ರೇಷ್ಠರೇ?

ಒಂದು ಪಂಗಡದ ವಾದ ಸರಳ: ಟ್ಯಾಕಲ್, ಇಂಟರ್‌ಸೆಪ್ಷನ್, ಬ್ಲಾಕ್, ಕ್ಲಿಯರೆನ್ಸ್ (ಚೆಂಡನ್ನು ಗೋಲಿನಿಂದ ದೂರ ಒದೆಯುವುದು) ಎಲ್ಲ ಕೂಡಿಸಿ, ಯಾರದು ಹೆಚ್ಚೋ ಅವರಿಗೆ ಕಪ್ ಕೊಡಿ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಆಧರಿಸಿದ ಆನ್‌ಲೈನ್ ಆಟ ಫ್ಯಾಂಟಸಿ ಪ್ರೀಮಿಯರ್ ಲೀಗ್ ಕೂಡ 2025–26ರಿಂದ ಈ ದಾರಿ ಹಿಡಿದಿದೆ. ಒಂದು ಪಂದ್ಯದಲ್ಲಿ ಈ ನಾಲ್ಕೂ ಸೇರಿ 10 ಆದರೆ ಡಿಫೆಂಡರ್‌ಗೆ 2 ಅಂಕ ಸಿಗುತ್ತದೆ. ಅದಕ್ಕೆ ಮೊದಲು ಡಿಫೆಂಡರ್‌ಗೆ ಅಂಕ ಬರುತ್ತಿದ್ದದ್ದು ಮುಖ್ಯವಾಗಿ ಕ್ಲೀನ್ ಶೀಟ್‌ಗೆ (ತಂಡ ಒಂದೂ ಗೋಲು ಬಿಡದ ಪಂದ್ಯಕ್ಕೆ) 4, ಗೋಲಿಗೆ 6, ಮತ್ತೆ ಅಸಿಸ್ಟ್‌ನಿಂದ. ಹಾಗಾಗಿ ಈ ಬದಲಾವಣೆ ಸ್ವಾಗತಾರ್ಹವೇ.

ಆದರೆ ಲೆಕ್ಕದಲ್ಲಿ ಒಂದು ದೊಡ್ಡ ದೋಷವಿದೆ. ಚೆಂಡು ತಮ್ಮ ತಂಡದ ಬಳಿಯೇ ಇದ್ದಾಗ ಯಾರೂ ಟ್ಯಾಕಲ್ ಮಾಡುವುದಿಲ್ಲ. ಬಲಹೀನ ತಂಡದ ಮೇಲೆ ದಿನವಿಡೀ ದಾಳಿ ನಡೆಯುತ್ತದೆ, ಆದ್ದರಿಂದ ಅದರ ಡಿಫೆಂಡರ್‌ಗೆ ಅಂಕ ಗಳಿಸುವ ಅವಕಾಶವೂ ಹೆಚ್ಚು. ಒಂದು ಊಹೆಯ ಉದಾಹರಣೆ ನೋಡೋಣ. ಮೊದಲ ತಂಡದ ಎದುರಾಳಿಗಳ ಬಳಿ ಚೆಂಡು 20 ನಿಮಿಷ ಇತ್ತು, ಅದರ ಸೆಂಟರ್ ಬ್ಯಾಕ್ (ಮಧ್ಯದ ಡಿಫೆಂಡರ್) 3 ಸಲ ಚೆಂಡು ಕಸಿದರು. ಎರಡನೇ ತಂಡದ ಎದುರಾಳಿಗಳ ಬಳಿ 40 ನಿಮಿಷ ಇತ್ತು, ಅದರ ಸೆಂಟರ್ ಬ್ಯಾಕ್ 5 ಸಲ ಕಸಿದರು. ಬರೀ ಎಣಿಸಿದರೆ ಎರಡನೆಯವರು ಮೇಲು. ಎದುರಾಳಿಯ ಬಳಿ ಚೆಂಡಿದ್ದ ಪ್ರತಿ 30 ನಿಮಿಷಕ್ಕೆ ಎಷ್ಟು ಎಂದು ಭಾಗಿಸಿದರೆ ಮೊದಲನೆಯವರದು 4.5, ಎರಡನೆಯವರದು 3.75. ಸ್ಥಾನ ಅದಲುಬದಲಾಯಿತು.

ಇನ್ನೊಂದು ದೋಷ ಸೂಕ್ಷ್ಮ. ಕಾಲು ಚಾಚಿ ಜಾರಿ ಮಾಡಿದ ಟ್ಯಾಕಲ್‌ಗೆ ಜನ ಚಪ್ಪಾಳೆ ತಟ್ಟುತ್ತಾರೆ. ಅನೇಕ ಸಲ ಆ ಟ್ಯಾಕಲ್ ಬೇಕಾದದ್ದೇ ಅದಕ್ಕೂ ನಾಲ್ಕು ಸೆಕೆಂಡು ಮೊದಲು ಅವರು ತಪ್ಪು ಜಾಗದಲ್ಲಿ ನಿಂತಿದ್ದರಿಂದ. ತಪ್ಪು ಮಾಡಿ ಸರಿಪಡಿಸಿಕೊಂಡವರಿಗೆ ಒಂದು ಅಂಕ, ತಪ್ಪೇ ಮಾಡದವರಿಗೆ ಸೊನ್ನೆ. 'ಡ್ರಿಬಲ್‌ಗೆ ಸೋತದ್ದು' ಎಂಬ ಲೆಕ್ಕಕ್ಕೂ ಇದೇ ಮಿತಿ ಇದೆ. ವಾನ್ ಡೈಕ್ ಅವರನ್ನು ಪ್ರೀಮಿಯರ್ ಲೀಗ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಡ್ರಿಬಲ್ ಮಾಡಿ ದಾಟಲಿಲ್ಲ ಎಂಬುದು ದೊಡ್ಡ ಸುದ್ದಿಯಾಗಿತ್ತು. ಟ್ಯಾಕಲ್‌ಗೆ ಹೋಗಿ ಸೋತರೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಹಿಂದಕ್ಕೆ ಸರಿಯುತ್ತ ಜಾಗ ಬಿಟ್ಟುಕೊಟ್ಟರೆ ಬರುವುದಿಲ್ಲ. ವಾನ್ ಡೈಕ್ ಶ್ರೇಷ್ಠರು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಒಂದು ಸಂಖ್ಯೆ ಅದಕ್ಕೆ ಪುರಾವೆಯಾಗದು.

ಹಾಗೆಂದು ಎಣಿಕೆಯನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪು. ಮಿಡ್‌ಫೀಲ್ಡರ್ ಎನ್ಗೊಲೊ ಕಾಂಟೆ 2015–16ರಲ್ಲಿ ಲೆಸ್ಟರ್ ಪರ 175 ಟ್ಯಾಕಲ್, 156 ಇಂಟರ್‌ಸೆಪ್ಷನ್ ಮಾಡಿದರು. ಎರಡರಲ್ಲೂ ಲೀಗ್‌ಗೇ ಮೊದಲು. ಲೆಸ್ಟರ್ ಚೆಂಡನ್ನು ಎದುರಾಳಿಗೆ ಬಿಟ್ಟು ಆಡುತ್ತಿದ್ದ ತಂಡ, ಅವಕಾಶ ಹೆಚ್ಚಿತ್ತು, ನಿಜ. ಆದರೆ ಮರುವರ್ಷ ಚೆಲ್ಸಿಗೆ ಹೋದಾಗ ಅಲ್ಲೂ ಲೀಗ್ ಪ್ರಶಸ್ತಿ ಬಂತು, ಸಹ ಆಟಗಾರರು ಅವರನ್ನೇ ವರ್ಷದ ಆಟಗಾರ ಎಂದು ಆರಿಸಿದರು. ಸಂಖ್ಯೆ ಒಬ್ಬರತ್ತ ಬೆರಳು ತೋರಿಸುತ್ತದೆ. ತೀರ್ಪಿಗೆ ಮೊದಲು ಆಟ ನೋಡಬೇಕು.

ಕ್ಲೀನ್ ಶೀಟ್ ಯಾರ ಸ್ವತ್ತು?

ಎರಡನೇ ಪಂಗಡ ಫಲಿತಾಂಶ ನೋಡಿ ಎನ್ನುತ್ತದೆ: ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಡಿಫೆಂಡರ್‌ಗೆ ಪ್ರಶಸ್ತಿ. ಕನವಾರೊ ಗೆದ್ದದ್ದು ಹೀಗೆ. 2006ರ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಇಟಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು. ಒಂದು ತಮ್ಮವರೇ ಹೊಡೆದುಕೊಂಡ ಸ್ವಗೋಲು, ಇನ್ನೊಂದು ಫೈನಲ್‌ನಲ್ಲಿ ಜಿದಾನ್ ಅವರ ಪೆನಾಲ್ಟಿ. ಆಟ ನಡೆಯುತ್ತಿರುವಾಗ ಎದುರಾಳಿಯೊಬ್ಬ ಅವರ ಗೋಲುಪೆಟ್ಟಿಗೆಗೆ ಚೆಂಡು ಸೇರಿಸಿದ್ದೇ ಇಲ್ಲ.

ಆದರೆ ಆ ಗೋಲುಪೆಟ್ಟಿಗೆಯಲ್ಲಿ ನಿಂತಿದ್ದವರು ಬುಫಾನ್. ಶ್ರೇಯಸ್ಸನ್ನು ಇಬ್ಬರಲ್ಲಿ ಹಂಚುವುದು ಹೇಗೆ? ಪ್ರೀಮಿಯರ್ ಲೀಗ್ ಕ್ಲೀನ್ ಶೀಟ್ ಎಣಿಸಿ ಗೋಲ್ಡನ್ ಗ್ಲೌ ಕೊಡುವಾಗ ಅದನ್ನು ಪೂರ್ತಿ ಗೋಲ್‌ಕೀಪರ್ ಖಾತೆಗೇ ಬರೆಯುತ್ತದೆ, ಮುಂದೆ ನಿಂತ ನಾಲ್ವರಿಗೆ ಏನೂ ಇಲ್ಲ.

ಇದನ್ನು ಬಿಡಿಸಲು ಈಗ 'ನಿರೀಕ್ಷಿತ ಗೋಲು' ಎಂಬ ಅಳತೆ ಬಂದಿದೆ. ಪ್ರತಿ ಹೊಡೆತಕ್ಕೂ ದೂರ, ಕೋನ, ಕಾಲೋ ತಲೆಯೋ ಎಂಬುದನ್ನು ನೋಡಿ 0ರಿಂದ 1ರ ನಡುವೆ ಒಂದು ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಮುಕ್ಕಾಲಿಗಿಂತ ತುಸು ಹೆಚ್ಚು, ದೂರದ ಹೊಡೆತಕ್ಕೆ ತೀರಾ ಕಡಿಮೆ. ಎದುರಾಳಿಗಳಿಗೆ ಬರೀ ದೂರದ ಹೊಡೆತಗಳೇ ಸಿಕ್ಕಿದ್ದರೆ ಅದು ರಕ್ಷಣಾ ಸಾಲಿನ ಗೆಲುವು. ಹತ್ತಿರದ ಅವಕಾಶಗಳು ಸಾಲುಗಟ್ಟಿ ಬಂದರೂ ಗೋಲಾಗದಿದ್ದರೆ ಅದು ಗೋಲ್‌ಕೀಪರ್‌ನದು, ಇಲ್ಲವೇ ಅದೃಷ್ಟದ್ದು. ಇಷ್ಟಾದರೂ ನಾಲ್ವರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಈ ಅಳತೆ ಹೇಳುವುದಿಲ್ಲ.

ಅವರಿಲ್ಲದಾಗ ಏನಾಯಿತು?

ಹಾಗಾಗಿ ಮೂರನೇ ಪಂಗಡ ಆಟಗಾರ ಇಲ್ಲದ ಪಂದ್ಯಗಳತ್ತ ನೋಡುತ್ತದೆ. 'ಅತಿ ಮೌಲ್ಯಯುತ' ಎಂಬ ಪದಕ್ಕೆ ಹತ್ತಿರದ ಪರೀಕ್ಷೆ ಇದೇ. ಲಿವರ್‌ಪೂಲ್ 2019–20ರಲ್ಲಿ 33 ಗೋಲು ಬಿಟ್ಟು 99 ಅಂಕದಿಂದ ಚಾಂಪಿಯನ್ ಆಯಿತು. ಮುಂದಿನ ಅಕ್ಟೋಬರ್‌ನಲ್ಲಿ ವಾನ್ ಡೈಕ್ ಮೊಣಕಾಲಿನ ಗಾಯದಿಂದ ಹೊರಗುಳಿದರು. ತಂಡ 42 ಗೋಲು ಬಿಟ್ಟು 69 ಅಂಕಕ್ಕೆ ಇಳಿಯಿತು. ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ 2024ರ ಸೆಪ್ಟೆಂಬರ್‌ನಲ್ಲಿ ಗಾಯಗೊಂಡರು. ಹಿಂದಿನ ಋತುವಿನ 91 ಅಂಕ 71ಕ್ಕೆ ಬಂತು, ಬಿಟ್ಟ ಗೋಲು 34ರಿಂದ 44ಕ್ಕೆ ಏರಿತು.

ಕಣ್ಣಿಗೆ ಹೊಡೆಯುವ ಸಂಖ್ಯೆಗಳೇನೋ ಹೌದು, ಆದರೆ ಎಚ್ಚರ ಬೇಕು. ಲಿವರ್‌ಪೂಲ್‌ನಲ್ಲಿ ಅದೇ ಋತುವಿನಲ್ಲಿ ಜೋ ಗೋಮೆಜ್, ಜೋಯೆಲ್ ಮಾಟಿಪ್ ಕೂಡ ಗಾಯಗೊಂಡರು, ಮಧ್ಯಸಾಲಿನವರನ್ನು ಹಿಂದಕ್ಕೆ ತಂದು ಆಡಿಸಬೇಕಾಯಿತು. 30 ಅಂಕದ ಕುಸಿತವನ್ನೆಲ್ಲ ಒಬ್ಬರ ಹೆಸರಿಗೆ ಬರೆದರೆ ಉಳಿದವರಿಗೆ ಅನ್ಯಾಯ. ಬೆಂಚಿನ ಮೇಲೆ ಒಳ್ಳೆಯ ಬದಲಿ ಆಟಗಾರ ಇದ್ದ ತಂಡದಲ್ಲಿ ಎಷ್ಟೇ ದೊಡ್ಡ ಡಿಫೆಂಡರ್ ಹೊರಗುಳಿದರೂ ವ್ಯತ್ಯಾಸ ಕಾಣದಿರಬಹುದು. ಇನ್ನು ಸದಾ ಎಲ್ಲ ಪಂದ್ಯ ಆಡುವ ಗಟ್ಟಿ ಆಟಗಾರನಿಗೆ ಈ ಪರೀಕ್ಷೆ ನಡೆಸಲಿಕ್ಕೇ ಆಗದು.

ರೋಡ್ರಿ ಪ್ರಕರಣ ಮತ್ತೊಂದು ಪ್ರಶ್ನೆ ಎತ್ತುತ್ತದೆ. ಅವರು ರಕ್ಷಣಾತ್ಮಕ ಮಿಡ್‌ಫೀಲ್ಡರ್. ಬೆಸ್ಟ್ ಡಿಫೆಂಡರ್ ಪಟ್ಟಿಗೆ ಅಂಥವರು ಸೇರುತ್ತಾರೋ ಇಲ್ಲವೋ? ಗೋಲ್‌ಕೀಪರ್? ಟೂರ್ನಿ ಶುರುವಾಗುವ ಮೊದಲೇ ಇದನ್ನು ಬರೆದಿಡದಿದ್ದರೆ ಕೊನೆಗೆ ಹೆಸರು ಹಿಡಿದುಕೊಂಡು ನಿಯಮ ಹುಡುಕುವಂತಾಗುತ್ತದೆ.

ಗೋಲು ಹೊಡೆಯುವ ಡಿಫೆಂಡರ್

ಹಕೀಮಿ, ಬೋಸ್ ಅವರ ಪರ ವಾದವನ್ನೂ ಕೇಳಬೇಕು. ಇಂದಿನ ಫುಲ್ ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಮೈದಾನದ ಪೂರ್ತಿ ಉದ್ದಕ್ಕೆ ಓಡುವ ಆಟಗಾರ. ಅವರು ಮುಂದೆ ಹೋದಾಗ ಎದುರಾಳಿಯ ವಿಂಗರ್ (ಅಂಚಿನಿಂದ ದಾಳಿ ಮಾಡುವ ಆಟಗಾರ) ಅವರ ಹಿಂದೆಯೇ ಓಡಬೇಕು. ತನ್ನ ಗೋಲಿನ ಬಳಿ ಸಿಲುಕಿದ ವಿಂಗರ್ ದಾಳಿ ಮಾಡಲಾರ. ಮುಂದೆ ಆಡುವುದೂ ಒಂದು ಬಗೆಯ ರಕ್ಷಣೆ. ಈ ಮಾತಿನಲ್ಲಿ ಹುರುಳಿದೆ. 'ವರ್ಷದ ಆಟಗಾರ' ಪ್ರಶಸ್ತಿಗೆ ಇಡೀ ಆಟವನ್ನು ಲೆಕ್ಕ ಹಾಕುವುದು ನ್ಯಾಯವೇ.

ಕಪ್‌ನ ಮೇಲೆ 'ಬೆಸ್ಟ್ ಡಿಫೆಂಡರ್' ಎಂದು ಬರೆದಾಗ ಮಾತ್ರ ಅಳೆಯಬೇಕಾದದ್ದು ಬೇರೆ. ಕಾರ್ನರ್ ಕಿಕ್‌ಗೆ ಮುಂದೆ ಹೋಗಿ ಎರಡು ಹೆಡರ್ ಗೋಲು ಹೊಡೆದ ಎತ್ತರದ ಹುಡುಗನಿಗೆ, ತನ್ನ ಬದಿಯಿಂದ ಮೂರು ಗೋಲು ಬಿಟ್ಟುಕೊಟ್ಟಿದ್ದರೂ, ಆ ಕಪ್ ಸಿಕ್ಕರೆ ಉಳಿದ ಹುಡುಗರು ಕಲಿಯುವುದೇನು? ಹಿಂದೆ ನಿಂತು ಸಾಲು ಕಾಯುವುದರಿಂದ ಹೆಸರು ಬರುವುದಿಲ್ಲ ಎಂದು. ದೊಡ್ಡ ಮಾರುಕಟ್ಟೆ ಹೇಳುತ್ತಿರುವುದೂ ಅದನ್ನೇ: 2017ರಲ್ಲಿ ನೇಮಾರ್‌ಗೆ 22.2 ಕೋಟಿ ಯೂರೊ. 2019ರಲ್ಲಿ ಅಂದಿನ ಅತಿ ದುಬಾರಿ ಡಿಫೆಂಡರ್ ಆದ ಹ್ಯಾರಿ ಮ್ಯಾಗ್ವಾಯರ್‌ಗೆ 8 ಕೋಟಿ ಪೌಂಡ್. ಶಾಲೆ ಕಾಲೇಜು ತಂಡಗಳಲ್ಲಿ ಚುರುಕಾದವರೆಲ್ಲ ಫಾರ್ವರ್ಡ್ ಆಗುತ್ತೇನೆಂದು ಹಟ ಹಿಡಿಯುವುದಕ್ಕೆ ಕಾರಣ ಇಲ್ಲಿದೆ.

ಕ್ಯಾಮೆರಾ, ಕಂಪ್ಯೂಟರ್ ಇಲ್ಲದ ಕಡೆ

ನಮ್ಮ ಟೂರ್ನಿಗಳಿಗೆ ಡೇಟಾ ಕಂಪನಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪ್ರತಿ ತಂಡಕ್ಕೆ ಇಬ್ಬರು, ಒಂದು ರೂಲ್ಡ್ ನೋಟ್‌ಬುಕ್ ಸಾಕು. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡನ್ನೂ ಮಾಡಿದರೆ ತಲೆ ತಗ್ಗಿಸಿ ಬರೆಯುವ ಹೊತ್ತಿಗೆ ಮುಂದಿನ ದಾಳಿ ಮುಗಿದಿರುತ್ತದೆ. ಕೂರುವ ಜಾಗ ಅರ್ಧ ಗೆರೆಯ ನೇರಕ್ಕೆ, ಗ್ಯಾಲರಿಯ ಮೇಲಿನ ಮೆಟ್ಟಿಲು. ಗೋಲಿನ ಹಿಂದೆ ಕೂತರೆ ಸಾಲಿನ ಆಳ ಕಾಣುವುದಿಲ್ಲ. ಸುಣ್ಣದ ಗೆರೆಯ ಪಕ್ಕ ನಿಂತರೆ ಆಚೆ ಬದಿಯ ಫುಲ್ ಬ್ಯಾಕ್ ಕಣ್ಣಿಗೇ ಬೀಳುವುದಿಲ್ಲ.

ಮೈದಾನವನ್ನು ಉದ್ದಕ್ಕೆ ಮೂರು ಪಟ್ಟಿಯಾಗಿ ಭಾವಿಸಿ. ಗೋಲಿನ ಮುಂದಿನ ಚಿಕ್ಕ ಚೌಕಟ್ಟಾದ ಗೋಲ್ ಏರಿಯಾದ ಅಗಲ 18.3 ಮೀಟರ್, ಅದನ್ನೇ ನೇರವಾಗಿ ಮುಂದಕ್ಕೆ ಎಳೆದರೆ ಮಧ್ಯದ ಪಟ್ಟಿ, ಆಚೀಚೆ ಎಡ ಮತ್ತು ಬಲ. ಎದುರಾಳಿ ಚೆಂಡಿನೊಂದಿಗೆ ಗೋಲಿನಿಂದ 16.5 ಮೀಟರ್ ದೂರದ ಪೆನಾಲ್ಟಿ ಗೆರೆಯ ಮಟ್ಟ ದಾಟಿದಾಗಲೆಲ್ಲ ಆ ಪಟ್ಟಿಯಲ್ಲಿ ಒಂದು ಗೀಟು, ಅದು ಹೊಡೆತದಲ್ಲಿ ಮುಗಿದರೆ ಗೀಟಿಗೊಂದು ಸುತ್ತು. ನಾಲ್ಕು ಪಂದ್ಯವಾದ ಮೇಲೆ ಎದುರಾಳಿಗಳು ಯಾವ ಬದಿಯನ್ನು ಬಿಟ್ಟು ಓಡಾಡಿದರು ಎಂಬುದು ತಾನಾಗಿ ಕಾಣುತ್ತದೆ. ಯಾರೂ ಹೋಗಲು ಬಯಸದ ಬದಿಯನ್ನು ಕಾಯುತ್ತಿದ್ದವರನ್ನು ಮೊದಲು ನೋಡಬೇಕು.

ಮುಖಾಮುಖಿಗೆ ಮೂರು ಗುರುತು ಸಾಕು. ಚೆಂಡು ಕಸಿದರೆ 'ಗೆ', ದಾಟಿಹೋದರೆ 'ಸೋ'. ಚೆಂಡು ಸಿಗದಿದ್ದರೂ ಎದುರಾಳಿ ಮೂರು ಸೆಕೆಂಡು ನಿಲ್ಲಬೇಕಾಗಿ ಬಂದರೆ, ಹಿಂದಕ್ಕೆ ಪಾಸ್ ಕೊಟ್ಟರೆ, ಅಥವಾ ಗೆರೆಯ ಅಂಚಿಗೆ ಸರಿದರೆ 'ತ', ಅಂದರೆ ತಡೆದದ್ದು. ಈ 'ತ' ಫುಟ್‌ಬಾಲ್‌ನ ಡಾಟ್ ಬಾಲ್. ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದರೂ ಪ್ರಯೋಜನವಿಲ್ಲ. ಒಬ್ಬರು 22 ಮುಖಾಮುಖಿಯಲ್ಲಿ 12 ಗೆದ್ದು, 1 ತಡೆದು, 9 ಸೋತರು ಎಂದುಕೊಳ್ಳಿ: 22ಕ್ಕೆ 13, ಶೇ 59. ಇನ್ನೊಬ್ಬರು 14ರಲ್ಲಿ 3 ಗೆದ್ದು, 8 ತಡೆದು, 3 ಸೋತರು: 14ಕ್ಕೆ 11, ಶೇ 79. ಪ್ರೇಕ್ಷಕರಿಗೆ ನೆನಪಿರುವುದು ಮೊದಲನೆಯವರ 12 ಟ್ಯಾಕಲ್. ತಂಡವನ್ನು ಉಳಿಸಿದವರು ಎರಡನೆಯವರು.

ಹೆಡರ್‌ಗೂ ಗೆಲುವು ಸೋಲು ಬರೆಯಿರಿ. ನೇರವಾಗಿ ಹೊಡೆತಕ್ಕೆ ದಾರಿಮಾಡಿದ ತಪ್ಪಿಗೆ ಬೇರೆ ಕಾಲಮ್ ಇರಲಿ. ಕ್ಲಿಯರೆನ್ಸ್ ಮಾತ್ರ ನಮ್ಮ ಮೈದಾನಗಳಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಬೇಸಿಗೆಯಲ್ಲಿ ಕಾದ ಗಟ್ಟಿ ಮಣ್ಣಿನ ಮೇಲೆ ಚೆಂಡು ಎಲ್ಲೆಲ್ಲಿಗೋ ಪುಟಿಯುತ್ತದೆ. ಅಲ್ಲಿ ಎತ್ತಿ ಒದೆಯುವುದು ಜಾಣತನವೇ, ಆದರೆ ಎಲ್ಲರೂ ಅದನ್ನೇ ಮಾಡುವುದರಿಂದ ಅದು ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸುವುದಿಲ್ಲ. ಕಲ್ಲುಹರಳಿನ ನೆಲದಲ್ಲಿ ಜಾರಿ ಟ್ಯಾಕಲ್ ಮಾಡಲು ಯಾರೂ ಒಪ್ಪುವುದೂ ಇಲ್ಲ. ನಿಂತೇ ತಡೆಯುವ ಕಲೆ ನಮ್ಮ ಹುಡುಗರಿಗೆ ಅನಿವಾರ್ಯವಾಗಿ ಬಂದಿರುತ್ತದೆ. ಅದನ್ನು ನೋಡುವ ಕಣ್ಣು ತೀರ್ಪುಗಾರರಿಗೂ ಬರಬೇಕು.

ಆಯ್ಕೆ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ನಿಮಿಷದಲ್ಲಿ. ಅತಿಥಿಗಳು ವೇದಿಕೆಗೆ ಬಂದಾಗಿದೆ, ಕಪ್‌ಗಳು ಮೇಜಿನ ಮೇಲಿವೆ, ಯಾರೋ ಒಬ್ಬರು ಫೈನಲ್‌ನಲ್ಲಿ ಕಂಡ ಹೆಸರು ಹೇಳುತ್ತಾರೆ, ಉಳಿದವರು ಹೂಂ ಎನ್ನುತ್ತಾರೆ. ಸೆಮಿಫೈನಲ್‌ನಲ್ಲಿ ಸೋತ ತಂಡದವರು ಆಗ ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ ಪ್ರತಿ ಪಂದ್ಯ ಮುಗಿದ ಕೂಡಲೇ ಹಾಳೆಗೆ ಸಹಿ ಹಾಕಿಸಬೇಕು. ಫೈನಲ್‌ಗೆ ಮುಂಚೆ ಹಾಳೆಗಳನ್ನು ಕೂಡಿಸಿ, ಕನಿಷ್ಠ ಮೂರು ಪಂದ್ಯ ಪೂರ್ತಿ ಆಡಿದವರಲ್ಲಿ ಐದು ಹೆಸರು ಆರಿಸಿಡಬೇಕು. ಮೂವರು ತೀರ್ಪುಗಾರರು ಒಬ್ಬರನ್ನೊಬ್ಬರು ಕೇಳದೆ ಚೀಟಿಯಲ್ಲಿ ಮೊದಲ ಮೂರು ಸ್ಥಾನ ಬರೆಯಲಿ. 5, 3, 1ರಂತೆ ಅಂಕ ಕೂಡಲಿ. ಸಮಬಲವಾದರೆ ಬಲವಾದ ಎದುರಾಳಿಯ ವಿರುದ್ಧದ ಹಾಳೆ ನೋಡಿ. ಅದೂ ಸಮವಾದರೆ ಮಾತ್ರ ಯಾರು ಎಷ್ಟು ಗೋಲು ಹೊಡೆದರು ಎಂದು ಕೇಳಬಹುದು.

ಟೂರ್ನಿ ಮುಗಿದ ಮೇಲೆ ಆ ಹಾಳೆಗಳನ್ನು ಎಸೆಯದೆ ತಂಡಗಳ ಕೋಚ್‌ಗಳಿಗೆ ಕೊಡಿ. ತಾನು ಯಾವ ಬದಿಗೆ ತಿರುಗಿದಾಗ ಸೋತೆ, ಎಷ್ಟು ಸಲ ತಡೆದೆ ಎಂಬುದನ್ನು ಕಪ್ ಸಿಗದ ಡಿಫೆಂಡರ್ ತನ್ನ ಹೆಸರಿನ ಮುಂದೆ ಬರಹದಲ್ಲಿ ನೋಡುವುದು ಬಹುಶಃ ಅದೇ ಮೊದಲ ಸಲ.